ಮೊದಲು ಟೇಬಲ್, ಆಮೇಲೆ ಮಷೀನ್

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದ ಪಿಯುಸಿವರೆಗೂ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಮಾತಾಡೋದು ಹಾವೇರಿ ಕಡೆ ಕನ್ನಡ, ಹಾಸ್ಟೆಲ್‌ನಲ್ಲಿ ಬೆಂಗಳೂರು ಕನ್ನಡ, ಬರೆಯೋದು ಇದು, ಏನು ಅಂತ ನನಗೂ ಗೊತ್ತಿಲ್ಲ. ಒತ್ತಕ್ಷರ ತಪ್ಪಿದ್ರೆ ಸಂಪಾದಕರು ತಿದ್ದಿರ್ತಾರೆ, ತಿದ್ದದೇ ಬಿಟ್ಟಿದ್ರೆ ಅವರನ್ನೇ ಕೇಳಿ.

ಕ್ಲಬ್ಬಿನವರು "ಟೆಕ್ನಾಲಜಿ ಬಗ್ಗೆ ಏನಾದ್ರೂ ನಿನ್ನ ಅಭಿಪ್ರಾಯ ಬರಿ" ಅಂದ್ರು. ಈ ಸಂಚಿಕೆಯಲ್ಲಿ ಕನಿಷ್ಠ ನಾಲ್ಕು ಜನ ಎಐ ಬಗ್ಗೆ ಬರೆದಿರ್ತಾರೆ ಅಂತ ನನಗೆ ಗ್ಯಾರಂಟಿ. ನಾನು ಬರೀತಿರೋದು ಹೊಲಿಗೆ ಮಷೀನ್ ಬಗ್ಗೆ. ಅದರಲ್ಲೂ ಕೌದಿ ಹೊಲಿಯೋಕೆ ಯಾವ ಮಷೀನ್ ತಗೋಬೇಕು ಅನ್ನೋದರ ಬಗ್ಗೆ. ನಗಬೇಡಿ. ನನ್ನ ಜೀವನದಲ್ಲಿ ನಾನು ಮಾಡಿದ ಮೊದಲನೇ ಇಂಜಿನಿಯರಿಂಗ್ ನಿರ್ಧಾರ ಅದು, ಮತ್ತು ಅದು ತಪ್ಪಾಗಿತ್ತು. ಹೋಗಿದ್ದು ನಮ್ಮ ಅವ್ವನ ದುಡ್ಡು.

ದಕ್ಷಿಣದ ಕಡೆಯ ಗೆಳೆಯರಿಗೆ ಒಂದು ಮಾತು. ಕೌದಿ ಅಂದ್ರೆ ಹಳೇ ಸೀರೆ, ಧೋತರ ಎಲ್ಲ ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂರಿಸಿ, ಒತ್ತೊತ್ತಾಗಿ ಸಾಲು ಹೊಲಿಗೆ ಹಾಕಿ ಮಾಡೋ ಹೊದಿಕೆ. ಒಳಗೆ ಹತ್ತಿ ತುಂಬಲ್ಲ. ಬಟ್ಟೆ ಮೇಲೆ ಬಟ್ಟೆ, ಅಷ್ಟೇ. ಅದಕ್ಕೇ ತೂಕ ಜಾಸ್ತಿ. ನಮ್ಮನೆಯದ್ದನ್ನ ಒಂದನ್ನ ತೂಗಿ ನೋಡಿದ್ದೀನಿ, 3 ಕೆಜಿ 200 ಗ್ರಾಂ ಇತ್ತು. ಈ ನಂಬರ್ ನೆನಪಿಟ್ಕೊಳ್ಳಿ, ಇಡೀ ಲೇಖನ ಇದರ ಮೇಲೇ ನಿಂತಿದೆ.

ನಮ್ಮ ಅಜ್ಜಿ ಇದನ್ನ ಕೈಯಲ್ಲೇ ಹೊಲೀತಿದ್ರು. ಒಂದು ಕೌದಿಗೆ ಒಂದೂವರೆ ತಿಂಗಳು. ಎರಡು ವರ್ಷದ ಹಿಂದೆ ಬಲಗೈ ಹೆಬ್ಬೆರಳಿನ ಕೀಲು ಬಾತುಕೊಂಡು ಸೂಜಿ ಹಿಡಿಯೋಕೇ ಆಗದ ಹಾಗಾಯ್ತು. ಆದರೆ ಕೇಳಿಕೊಂಡು ಬರೋರು ನಿಲ್ಲಲಿಲ್ಲ. ಆಗ ಅವ್ವ ಲೆಕ್ಕ ಹಾಕಿದ್ಲು. ಮಷೀನ್ ಇದ್ರೆ ವಾರಕ್ಕೆ ಒಂದು ಕೌದಿ ಆಗುತ್ತೆ, ತಿಂಗಳಿಗೆ ನಾಲ್ಕು. ಸಂಘದಲ್ಲಿ 15,000 ಸಾಲ ತಗೊಂಡ್ಲು, ವಾರಕ್ಕೆ 350 ಕಂತು. "ತಮ್ಮಾ, ನೀ ಇಂಜಿನಿಯರ್ ಅದಿ, ಚೊಲೋದ್ ನೋಡಿ ತರಸು" ಅಂದ್ಲು. ನಾನಾಗ ಫಸ್ಟ್ ಸೆಮ್. ಇಂಜಿನಿಯರ್ ಅಂತೆ!

ನಾನು ಮಾಡಿದ್ದೇನು ಅಂದ್ರೆ ಫೋನ್ ತಗೊಳ್ಳೋವಾಗ ಏನು ಮಾಡ್ತೀನೋ ಅದನ್ನೇ. ಒಂದು ಶೀಟ್ ಮಾಡಿದೆ. ಯಾವುದರಲ್ಲಿ ಎಷ್ಟು ಥರ ಹೊಲಿಗೆ, ಯಾವುದರಲ್ಲಿ ಸೂಜಿಗೆ ದಾರ ತಾನೇ ಪೋಣಿಸುತ್ತೆ, ಎಷ್ಟು ವಾರಂಟಿ, ಎಷ್ಟು ಸ್ಟಾರ್. 12,400 ರೂಪಾಯಿಗೆ ಬಿಳೀ ಬಣ್ಣದ, ಮುದ್ದಾದ, ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಕರೆಂಟ್ ಮಷೀನ್ ಬಂತು. ಕಂಪನಿ ಹೆಸರು ಹೇಳಲ್ಲ, ಯಾಕಂದ್ರೆ ತಪ್ಪು ಮಷೀನ್‌ದಲ್ಲ, ನಂದು. 21 ಥರದ ಹೊಲಿಗೆ ಇತ್ತು ಅದರಲ್ಲಿ. ಕೌದಿಗೆ ಬೇಕಾಗೋದು ಎಷ್ಟು ಥರ ಗೊತ್ತಾ? ಒಂದು. ನೇರ ಹೊಲಿಗೆ.

ಡಬ್ಬ ಬಿಚ್ಚಿದಾಗ ಅಜ್ಜಿ ಒಂದು ಕೈಯಲ್ಲಿ ಅದನ್ನ ಸ್ವಲ್ಪ ಸರಿಸಿ ನೋಡಿ, "ಇದೇನ್ ಹೊಲಿಗಿ ಮಷೀನೋ, ಆಡೋ ಸಾಮಾನೋ? ಏನೂ ವಜ್ಜೀನ ಇಲ್ಲಲ್ಲೋ" ಅಂದ್ರು. ನಾನು ನಕ್ಕೆ. ಹಗುರ ಇರೋದೇ ಅದರ ಫೀಚರ್ ಅಜ್ಜಿ ಅಂತ ಹೇಳಿದೆ. ಈಗ ಅನಿಸುತ್ತೆ, ಆ ಒಂದು ತಳ್ಳುವಿಕೆಯಲ್ಲಿ ಅಜ್ಜಿ ಮಾಡಿದ ಟೆಸ್ಟಿಂಗ್ ನನ್ನ ಇಡೀ ಶೀಟ್‌ಗಿಂತ ಸರಿಯಾಗಿತ್ತು.

ಮೊದಲ ವಾರ ಎರಡು ಪದರದ ದಿಂಬಿನ ಕವರ್ ಎಲ್ಲ ಚೆನ್ನಾಗೇ ಬಂತು. ಆಮೇಲೆ ನಿಜವಾದ ಕೆಲಸ ಶುರುವಾಯ್ತು. ನಮ್ಮೂರಿನ ಒಬ್ಬ ಟೀಚರ್ ತಮ್ಮ ತಾಯಿ ತೀರಿಕೊಂಡ ಮೇಲೆ ಅವರ ಆರು ಸೀರೆ ತಂದುಕೊಟ್ಟು, "ಇದರೊಳಗ ಒಂದ್ ಕೌದಿ ಮಾಡಿಕೊಡ್ರೀ ಅಕ್ಕಾರ, ಯಾವ್ದೂ ಬಿಡಬ್ಯಾಡ್ರೀ" ಅಂದಿದ್ರು. ಉಟ್ಟು ಉಟ್ಟು ಬೆಣ್ಣೆ ಥರ ಆಗಿದ್ದ ಸೀರೆಗಳು. ಅವ್ವ ಪದರ ಹಾಸಿ, ನನ್ನ ಓದೋ ಟೇಬಲ್ ಮೇಲೆ ಮಷೀನ್ ಇಟ್ಟು ಹೊಲಿಯೋಕೆ ಕೂತಳು. ಒಂದು ಕಡೆ ಕೌದಿ ಟೇಬಲ್‌ನಿಂದ ಕೆಳಗೆ ಜೋತಾಡ್ತಿತ್ತು. ಮಷೀನ್ ಮುಂದಕ್ಕೆ ಎಳೀತಿತ್ತು, ಕೌದಿ ಹಿಂದಕ್ಕೆ ಎಳೀತಿತ್ತು. ಹೊಲಿಗೆ ಒಂದು ಕಡೆ ಉದ್ದ, ಒಂದು ಕಡೆ ಇರುವೆ ಸಾಲಿನ ಹಾಗೆ. ಮೂರು ಸೂಜಿ ಮುರೀತು. ನಾಲ್ಕನೇ ಸಲ ಸೂಜಿ ಬಗ್ಗಿ ತಗಡಿಗೆ ಬಡಿದು, ಬಟ್ಟೆಯನ್ನ ಕೆಳಗಿನ ತೂತಿನೊಳಗೆ ಎಳೆದುಕೊಂಡು ಜಾಮ್ ಆಯ್ತು. ಬಿಡಿಸೋವಾಗ ಒಂದು ಸೀರೆ ಗೇಣುದ್ದ ಹರೀತು. ಆ ಟೀಚರ್ ತಾಯಿಯ ಇಳಕಲ್ ಸೀರೆ ಅದು.

ಅವ್ವ ಯಾರನ್ನೂ ಬೈಯಲಿಲ್ಲ. ಮರುದಿನ ತಾನೇ ಅವರ ಮನೆಗೆ ಹೋಗಿ ಹೇಳಿ ಬಂದಳು. ಅವರು "ಇರಲಿ ಬಿಡ್ರೀ" ಅಂದ್ರಂತೆ. ಆಮೇಲೆ ನಾಲ್ಕು ತಿಂಗಳು ಆ ಮಷೀನ್ ಮುಚ್ಚಿಟ್ಟೇ ಇತ್ತು, ಕಂತು ಮಾತ್ರ ವಾರವಾರ ಕಟ್ತಾನೇ ಇದ್ಲು. ನಾನು ಹಾಸ್ಟೆಲ್‌ನಲ್ಲಿ ಕೂತು ಇಂಜಿನಿಯರಿಂಗ್ ಮೆಕ್ಯಾನಿಕ್ಸ್‌ನಲ್ಲಿ ಫ್ರಿಕ್ಷನ್ ಪ್ರಾಬ್ಲಮ್ ಸಾಲ್ವ್ ಮಾಡ್ತಿದ್ದೆ.

ಒಂದು ಸಲ ಹಾಗೇ ಪ್ರಾಬ್ಲಮ್ ಬಿಡಿಸ್ತಾ ಇರೋವಾಗ ತಲೆಗೆ ಹೊಳೀತು. ಮಷೀನ್‌ನ ಪಾದದ ಕೆಳಗೆ ಇರೋ ಹಲ್ಲುಗಳ ಕೆಲಸ ಏನು? ಬಟ್ಟೆಯನ್ನ ಪ್ರತಿ ಹೊಲಿಗೆಗೂ ಎರಡೂವರೆ ಮೂರು ಮಿಲಿಮೀಟರ್ ಮುಂದಕ್ಕೆ ತಳ್ಳೋದು. ಅವು ಬಟ್ಟೆಯನ್ನ ಹಿಡಿಯೋದು ಬರೀ ಫ್ರಿಕ್ಷನ್‌ನಿಂದ. ಬ್ಲೌಸ್ ಪೀಸಿಗೆ ಅದು ಸಾಕು. 3.2 ಕೆಜಿ ಕೌದಿಯ ಅರ್ಧ ಭಾಗ ಟೇಬಲ್ ಅಂಚಿನಿಂದ ಜೋತುಬಿದ್ರೆ ಹಿಂದಕ್ಕೆ ಎಳೆಯೋ ಬಲ ಸುಮಾರು 16 ನ್ಯೂಟನ್. ಆ ಪುಟ್ಟ ಹಲ್ಲುಗಳು ಸೋಲುತ್ತವೆ, ಇಲ್ಲ ಅಂದ್ರೆ ಸೂಜಿ ಬಟ್ಟೆಯೊಳಗೆ ಇರುವಾಗಲೇ ಬಟ್ಟೆ ಅದನ್ನ ಎಳೆದು ಬಗ್ಗಿಸುತ್ತೆ. ಸೂಜಿ ಮುರಿದಿದ್ದು ಸೂಜಿಯ ತಪ್ಪಲ್ಲ, ಮೋಟರಿನ ತಪ್ಪೂ ಅಲ್ಲ. ಟೇಬಲ್ ಸಾಲದೇ ಹೋಗಿದ್ದು.

ರಜೆಗೆ ಹೋದಾಗ ಲಗೇಜ್ ತೂಗೋ ಕೊಕ್ಕೆ ಕಾಟಾ ಸಿಕ್ಕಿಸಿ ಎಳೆದು ನೋಡಿದೆ. ಜೋತಾಡ್ತಿರೋ ಕೌದಿಯನ್ನ ಮೇಲಕ್ಕೆ ಎಳೆಯೋಕೆ ಒಂದೂವರೆ ಕೆಜಿಗಿಂತ ಜಾಸ್ತಿ ತೋರಿಸ್ತು. ಅದೇ ಕೌದಿಯನ್ನ ಎರಡು ಟೇಬಲ್ ಜೋಡಿಸಿ ಮೇಲೆ ಮಡಚಿ ಗುಡ್ಡೆ ಹಾಕಿ, ಹೊಲಿಯೋ ಭಾಗವನ್ನಷ್ಟೇ ಸಡಿಲ ಬಿಟ್ರೆ ಕಾಟಾದ ಮುಳ್ಳು ಅಲ್ಲಾಡಿದ್ದು ಅಷ್ಟಕ್ಕಷ್ಟೇ. ಲ್ಯಾಬ್ ರೆಕಾರ್ಡಿಗೆ ಬರೆಯೋ ಅಷ್ಟು ನೀಟಾದ ಎಕ್ಸ್‌ಪೆರಿಮೆಂಟ್ ಏನಲ್ಲ, ಆದ್ರೆ ನನಗೆ ಸಾಕಾಯ್ತು.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಮನೆಯಲ್ಲಿ ಕೌದಿ ಹೊಲಿಯೋಕೆ ಮಷೀನ್ ತಗೋತೀನಿ ಅನ್ನೋರು ಮೊದಲು ಟೇಬಲ್ ಬಗ್ಗೆ ಯೋಚನೆ ಮಾಡಬೇಕು. ಮಷೀನ್‌ನ ಬೆಡ್ ಮತ್ತು ಟೇಬಲ್ ಒಂದೇ ಮಟ್ಟದಲ್ಲಿ ಇರಬೇಕು. ನಮ್ಮ ಬಿಳೀ ಮಷೀನ್‌ನ ಬೆಡ್ ಟೇಬಲ್‌ನಿಂದ ಮೂರೂವರೆ ಇಂಚು ಮೇಲಿತ್ತು, ಅಂದ್ರೆ ಕೌದಿ ಪ್ರತಿ ಸಲ ಗುಡ್ಡ ಹತ್ತಿ ಇಳೀಬೇಕು. ಅದೂ ಅಲ್ಲದೆ ಓದೋ ಟೇಬಲ್ 30 ಇಂಚು, ಅದರ ಮೇಲೆ ಮೂರೂವರೆ ಇಂಚು, ಅವ್ವನ ಭುಜ ಎರಡೂ ಕಿವಿ ಹತ್ತಿರ ಬಂದಿರೋದು. ಮೊಣಕೈ ಮಡಚಿದಾಗ ಎಲ್ಲಿ ನಿಲ್ಲುತ್ತೋ ಬಟ್ಟೆ ಅಲ್ಲಿರಬೇಕು. ಕೌದಿ ಹೊಲಿಯೋರು ಒಂದು ತಾಸು ಕೂರಲ್ಲ, ಐದಾರು ತಾಸು ಕೂರ್ತಾರೆ.

ಇದರ ಬಗ್ಗೆ ಓದ್ತಾ ಓದ್ತಾ ಒಂದು ಹಳೇ ಕಥೆ ಸಿಕ್ತು. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಲಾಕ್‌ಸ್ಟಿಚ್ ಮಷೀನಿಗೆ ಪೇಟೆಂಟ್ ತಗೊಂಡ. ಅವನ ಮಷೀನ್‌ನಲ್ಲಿ ಬಟ್ಟೆಯನ್ನ ಮೊಳೆಗಳಿಗೆ ಸಿಕ್ಕಿಸಿ ನಿಲ್ಲಿಸಿ ನೇತುಹಾಕಬೇಕಿತ್ತು. 1851ರಲ್ಲಿ ಐಸಾಕ್ ಸಿಂಗರ್ ಪೇಟೆಂಟ್ ತಗೊಂಡ ಮಷೀನ್‌ನಲ್ಲಿ ಬಟ್ಟೆ ಟೇಬಲ್ ಮೇಲೆ ಮಲಗಿರುತ್ತೆ, ಸೂಜಿ ಮೇಲಿಂದ ಕೆಳಗೆ ಬರುತ್ತೆ. ಹೋವ್ ಕೋರ್ಟಿಗೆ ಹೋಗಿ ಗೆದ್ದ, ಸಿಂಗರ್ ರಾಯಲ್ಟಿ ಕೊಡಬೇಕಾಯ್ತು, ಅದು ಬೇರೆ ಮಾತು. ಆದ್ರೆ ಇವತ್ತು ಎಲ್ಲರ ಮನೆಯಲ್ಲಿ ಇರೋದು ಬಟ್ಟೆ ಮಲಗಿಸೋ ಮಷೀನ್‌ಗಳೇ. 170 ವರ್ಷದ ಹಿಂದೇನೇ ಇತ್ಯರ್ಥ ಆಗಿದ್ದ ವಿಷಯ ನನ್ನ ಶೀಟ್‌ನಲ್ಲಿ ಒಂದು ಕಾಲಮ್ಮೂ ಆಗಿರಲಿಲ್ಲ.

ಎರಡನೇ ಮಾತು, ಆ ತೂತಿನ ಬಗ್ಗೆ. ಝಿಗ್‌ಝ್ಯಾಗ್ ಹೊಲಿಯೋ ಮಷೀನ್‌ನಲ್ಲಿ ಸೂಜಿ ಎಡಕ್ಕೂ ಬಲಕ್ಕೂ ಹೋಗಬೇಕು, ಹಾಗಾಗಿ ಸೂಜಿಯ ಕೆಳಗಿನ ತಗಡಿನಲ್ಲಿ ಅಗಲವಾದ ಸೀಳು ಇರುತ್ತೆ. ಹಳೇ ಮೆತ್ತನೆ ಸೀರೆಯನ್ನ ಸೂಜಿ ಆ ಸೀಳಿನೊಳಗೆ ತುರುಕಿಬಿಡುತ್ತೆ. ಬರೀ ನೇರ ಹೊಲಿಗೆಯ ಮಷೀನ್‌ನಲ್ಲಿ ಸೂಜಿ ಹೋಗುವಷ್ಟೇ ದುಂಡನೆಯ ಸಣ್ಣ ತೂತು. ಬಟ್ಟೆ ಒಳಗೆ ಹೋಗೋಕೆ ಜಾಗವೇ ಇಲ್ಲ. ಅಂದ್ರೆ ಯಾವ 21 ಹೊಲಿಗೆ ನೋಡಿ ನಾನು ಖುಷಿಪಟ್ಟು ದುಡ್ಡು ಕೊಟ್ಟೆನೋ, ಆ 21 ಹೊಲಿಗೆಗೋಸ್ಕರ ಇರೋ ಸೀಳೇ ಇಳಕಲ್ ಸೀರೆ ತಿಂದಿದ್ದು. ಹೊಲಿಗೆ ಬಲ್ಲವರು ಇಂಥ ಮಷೀನಿಗೂ ನೇರ ಹೊಲಿಗೆಯ ತಗಡು ಬೇರೆ ಸಿಗುತ್ತೆ ಅಂತಾರೆ. ಕೆಲವಕ್ಕೆ ಸಿಗುತ್ತೆ, ನಿಜ. ನಮ್ಮದಕ್ಕೆ ಸಿಗಲಿಲ್ಲ.

ಹಾಗಾದ್ರೆ ಯಾವುದು ತಗೋಬೇಕು? ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದ ನಮ್ಮ ಚಿಕ್ಕಮ್ಮ "ಜುಕಿ ಮಷೀನ್ ತಗೋ" ಅಂತಾರೆ. ಅವರು ಹೇಳೋದ್ರಲ್ಲಿ ಅರ್ಥ ಇದೆ. ಟೇಬಲ್ ದೊಡ್ಡದು, ಮಷೀನ್ ಟೇಬಲ್ ಮಟ್ಟಕ್ಕೇ ಕೂತಿರುತ್ತೆ, ಸೂಜಿಯಿಂದ ಕಂಬದವರೆಗಿನ ಜಾಗ ಮನೆ ಮಷೀನ್‌ಗಿಂತ ಮೂರು ನಾಲ್ಕು ಇಂಚು ಜಾಸ್ತಿ. ಕೌದಿಯನ್ನ ಸುರುಳಿ ಸುತ್ತಿ ಆ ಜಾಗದಲ್ಲೇ ತೂರಿಸಬೇಕಲ್ಲ, ಆ ಮೂರು ಇಂಚು ಬಂಗಾರ. ಆದ್ರೆ ಅದು ನಿಮಿಷಕ್ಕೆ 5,000 ಹೊಲಿಗೆಯ ಹತ್ತಿರ ಓಡೋಕೆ ಹುಟ್ಟಿದ ಪ್ರಾಣಿ. ಹಳೇ ಕ್ಲಚ್ ಮೋಟರ್ ಇದ್ರೆ ಹೊಲಿಯದೇ ಕೂತಾಗಲೂ ಗುಂಯ್ ಅಂತಿರುತ್ತೆ, ಸರ್ವೋ ಮೋಟರ್ ಇದ್ರೆ ಪರವಾಗಿಲ್ಲ. ಅಡುಗೆಮನೆ ಪಕ್ಕದ ಹತ್ತಡಿ ರೂಮಿನಲ್ಲಿ, ಕರೆಂಟು ಬಂದು ಹೋಗೋ ಊರಿನಲ್ಲಿ, ಕಂತು ಇನ್ನೂ ಮುಗಿಯದೇ ಇರೋವಾಗ ಅದು ನಮಗೆ ಆಗ್ತಿರಲಿಲ್ಲ. ದಿನಾ ಹೊಲಿದು ಮಾರೋರಿಗೆ, ಜಾಗ ಇರೋರಿಗೆ ಅದೇ ಸರಿ ಅಂತ ನಾನೂ ಒಪ್ತೀನಿ.

ಕೈಯಲ್ಲಿ ತಿರುಗಿಸೋ ಮಷೀನ್ ಅಂತೂ ಬೇಡವೇ ಬೇಡ. ಒಂದು ಕೈ ಚಕ್ರಕ್ಕೆ ಹೋದ್ರೆ ಉಳಿದ ಒಂದು ಕೈಯಲ್ಲಿ ಕೌದಿ ಸಂಭಾಳಿಸೋಕೆ ಆಗಲ್ಲ.

ನಾವು ಕೊನೆಗೆ ತಗೊಂಡಿದ್ದು ಬಸ್ ಸ್ಟ್ಯಾಂಡ್ ಹತ್ತಿರದ ಟೇಲರ್ ಕಾಕಾನ ಅಂಗಡಿ ಮೂಲೆಯಲ್ಲಿ ಧೂಳು ಹಿಡಿದಿದ್ದ ಕರೀ ಕಬ್ಬಿಣದ ಕಾಲಿನ ಮಷೀನ್. ಸ್ಟ್ಯಾಂಡು, ಮರದ ಟೇಬಲ್ ಎಲ್ಲ ಸೇರಿ 4,500. ನೇರ ಹೊಲಿಗೆ ಬಿಟ್ರೆ ಬೇರೇನೂ ಬರಲ್ಲ. ಹೆಡ್ ಒಂದನ್ನೇ ಎತ್ತೋಕೆ ನನಗೆ ಎರಡೂ ಕೈ ಬೇಕಾಯ್ತು. ಆ ತೂಕದಿಂದಲೇ ಆರು ಪದರ ಚುಚ್ಚೋವಾಗ ಮಷೀನ್ ಕುಣಿಯಲ್ಲ. ಅಜ್ಜಿ ಬಂದು ತಳ್ಳಿ ನೋಡಿದ್ರು. ಅದು ಅಲ್ಲಾಡಲಿಲ್ಲ. ಅಜ್ಜಿ ಏನೂ ಹೇಳದೆ ಒಳಗೆ ಹೋದ್ರು.

ಹಳೇ ಮಷೀನ್ ತಗೊಳ್ಳೋವಾಗ ಕಾಕಾ ಹೇಳಿಕೊಟ್ಟಿದ್ದು ನಿಮಗೂ ಉಪಯೋಗಕ್ಕೆ ಬರಬಹುದು. ಬೆಲ್ಟ್ ತೆಗೆದು ಚಕ್ರವನ್ನ ಕೈಯಲ್ಲಿ ನಿಧಾನ ತಿರುಗಿಸಬೇಕು, ಎಲ್ಲಾದ್ರೂ ಹಿಡಿದ್ರೆ ಕಾರಣ ಹುಡುಕಬೇಕು. ನಮ್ಮದು ಹಿಡೀತಿತ್ತು. ಯಾರೋ ಪುಣ್ಯಾತ್ಮರು ವರ್ಷಗಟ್ಟಲೆ ಕೊಬ್ಬರಿ ಎಣ್ಣೆ ಬಿಟ್ಟಿದ್ರು, ಅದು ಒಳಗೆ ಅಂಟಾಗಿ ಕೂತಿತ್ತು. ಸೀಮೆಎಣ್ಣೆ ಹಾಕಿ ಒರೆಸಿ ಮಷೀನ್ ಎಣ್ಣೆ ಬಿಟ್ಟ ಮೇಲೆ ಬೆಣ್ಣೆ ಥರ ತಿರುಗ್ತು. ಸೂಜಿ ಹಿಡಿದಿರೋ ಕಡ್ಡಿಯನ್ನ ಬೆರಳಲ್ಲಿ ಅಲ್ಲಾಡಿಸಿ ನೋಡಬೇಕು, ಗಡಗಡ ಅಂದ್ರೆ ಸವೆದಿದೆ ಅಂತ ಅರ್ಥ. ತಗಡಿನ ತೂತಿನ ಸುತ್ತ ಸೂಜಿ ಬಡಿದ ಗೀರು ಇದ್ರೆ ದಾರ ಅಲ್ಲೇ ಕತ್ತರಿಸುತ್ತೆ. ಎಲ್ಲಕ್ಕಿಂತ ಮುಖ್ಯ, ಅಂಗಡಿಯವರು ಕೊಡೋ ಹೊಸ ಪಾಪ್ಲಿನ್ ತುಂಡಲ್ಲಿ ಹೊಲಿದು ನೋಡಬೇಡಿ. ಅದರ ಮೇಲೆ ಯಾವ ಮಷೀನ್ ಬೇಕಾದ್ರೂ ಚೆನ್ನಾಗಿ ಹೊಲಿಯುತ್ತೆ. ನಿಮ್ಮದೇ ಹಳೇ ಸೀರೆಯನ್ನ ಆರು ಪದರ ಮಡಚಿ ತಗೊಂಡು ಹೋಗಿ. 16 ನಂಬರ್ ಸೂಜಿಯನ್ನೂ ಜೇಬಲ್ಲಿ ಇಟ್ಕೊಂಡು ಹೋಗಿ.

ಟೇಬಲ್ ಕೆಲಸ ನಾನೇ ಮಾಡಿಸಿದ್ದು. ಮಷೀನ್‌ನ ಮರದ ಟೇಬಲ್ 36 ಇಂಚು ಉದ್ದ, 17 ಇಂಚು ಅಗಲ ಇತ್ತು. ಎಡಕ್ಕೆ ಮತ್ತು ಹಿಂದಕ್ಕೆ 18 ಮಿಲಿಮೀಟರ್ ಪ್ಲೈವುಡ್ ಹಲಗೆ, ಕೆಳಗೆ ಕಾಲು, ಅದೇ ಮಟ್ಟಕ್ಕೆ. ಮೇಲೆ ಸನ್‌ಮೈಕಾ, ನುಣುಪು ಇದ್ದಷ್ಟೂ ಬಟ್ಟೆ ಜಾರುತ್ತೆ. ಹಿಂದಿನ ಅಂಚು ಗೋಡೆಗೆ ತಾಗಿಸಿ ಇಟ್ವಿ, ಕೌದಿ ಹಿಂದೆ ಬೀಳೋ ಹಾಗೇ ಇಲ್ಲ. ಬಡಗಿ ಮೊದಲು ಅರ್ಧ ಇಂಚು ಕೆಳಗೆ ಮಾಡಿಬಿಟ್ಟಿದ್ದ. ಅರ್ಧ ಇಂಚು ತಾನೇ ಅಂದ. ನಾನು ಬಿಡಲಿಲ್ಲ. ಆ ಜಗಳದಲ್ಲಿ ನಾನು ಗೆದ್ದಿದ್ದಕ್ಕೆ ಈಗಲೂ ಹೆಮ್ಮೆ ಇದೆ. ಎಲ್ಲ ಸೇರಿ 2,100 ಆಯ್ತು.

ಇಷ್ಟಾದ್ರೂ ಎಲ್ಲ ಸರಿ ಹೋಯ್ತು ಅಂದ್ಕೋಬೇಡಿ. ಅಜ್ಜಿ ಕೈಯಲ್ಲಿ ಹೊಲಿಯೋವಾಗ ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರ್ತಿದ್ರು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳೂ ತಮ್ಮ ಕವಂದಗಳನ್ನ ಹೀಗೇ ಅಂಚಿನಿಂದ ಒಳಕ್ಕೆ ಹೊಲೀತಾರೆ, ಮೂಲೆಗಳಿಗೆ ಫುಲಾ ಅಂತ ತ್ರಿಕೋನದ ತುಂಡು ಇಡ್ತಾರೆ. ಕೈಗೆ ಯಾವ ಕಂಬವೂ ಅಡ್ಡ ಬರಲ್ಲ. ಮಷೀನ್‌ನಲ್ಲಿ ಹಾಗೆ ಮಾಡಿದ್ರೆ ಕೊನೆಗೆ ನಡುವೆ ಬಟ್ಟೆಯೆಲ್ಲ ಗುಳ್ಳೆ ಎದ್ದು ನೆರಿಗೆ ಬೀಳುತ್ತೆ, ಯಾಕಂದ್ರೆ ಹಲ್ಲು ತಳ್ಳೋದು ಕೆಳಗಿನ ಪದರವನ್ನ ಮಾತ್ರ, ಮೇಲಿನದು ಹಿಂದೆ ಉಳೀತಾ ಹೋಗುತ್ತೆ. ಮಷೀನ್‌ನಲ್ಲಿ ನಡುವಿನಿಂದ ಶುರು ಮಾಡಿ ಹೊರಗೆ ಬರಬೇಕು, ಆಗ ಕಂಬದ ಒಳಗೆ ಅರ್ಧ ಕೌದಿಯ ಸುರುಳಿ ಮಾತ್ರ ಇರುತ್ತೆ. ಅಂದ್ರೆ ಅಜ್ಜಿಯ ಇಡೀ ಲೆಕ್ಕಾಚಾರ ಉಲ್ಟಾ. ಅವರಿಗೆ ಇದು ಇನ್ನೂ ಒಪ್ಪಿಗೆ ಇಲ್ಲ. "ನಡುವಿಂದ ಯಾರ್ ಮನಿ ಕಟ್ತಾರ?" ಅಂತಾರೆ. ಆದ್ರೂ ಪದರ ಜರುಗದ ಹಾಗೆ ಮೊದಲು ಹಾಕೋ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಅಜ್ಜಿಯದೇ. ದಪ್ಪ ಸೂಜಿ ಅಂದ್ರೆ ಹೆಬ್ಬೆರಳು ಸ್ವಲ್ಪ ಹೊತ್ತು ತಡ್ಕೊಳ್ಳುತ್ತೆ. ಅಜ್ಜಿ ಆ ಕೆಲಸ ಮಾಡಿದ ಕೌದಿಯಲ್ಲಿ ನೆರಿಗೆ ಬೀಳಲ್ಲ, ಅವ್ವ ಮಾಡಿದ್ರಲ್ಲಿ ಒಮ್ಮೊಮ್ಮೆ ಬೀಳುತ್ತೆ.

ಕೆಲವರು, ನಮ್ಮ ಕ್ಲಾಸಿನಲ್ಲೂ ಇದ್ದಾರೆ, "ಮಷೀನ್‌ನಲ್ಲಿ ಹೊಲಿದ್ರೆ ಅದು ಕೌದಿನೇ ಅಲ್ಲ, ಪರಂಪರೆ ಹಾಳು" ಅಂತಾರೆ. ಕೈಹೊಲಿಗೆಯ ಕೌದಿಯ ಮೆತ್ತಗೆ ಮಷೀನ್‌ದಕ್ಕೆ ಬರಲ್ಲ, ಒಪ್ಪಿದೆ. ಮಷೀನ್‌ದು ಸ್ವಲ್ಪ ರಟ್ಟಿನ ಥರ ಇರುತ್ತೆ, ನಾಲ್ಕು ಸಲ ಒಗೆದ ಮೇಲೇ ಸರಿಯಾಗೋದು. ಆದ್ರೆ ಈ ಮಾತು ಹೇಳೋ ಯಾರ ಹೆಬ್ಬೆರಳೂ ಬಾತಿಲ್ಲ. ನನ್ನ ಪ್ರಕಾರ ಮಾಡಬಾರದ್ದು ಒಂದೇ, ಮಷೀನ್‌ದನ್ನ ಕೈಹೊಲಿಗೆ ಅಂತ ಹೇಳಿ ಮಾರೋದು. ಅವ್ವ ಮೊದಲೇ ಹೇಳಿಬಿಡ್ತಾಳೆ, ರೇಟೂ ಕಡಿಮೆ ಹಿಡೀತಾಳೆ. ಸಿದ್ದಿಗಳ ಕವಂದಕ್ಕೆ ಇವತ್ತು ಬೆಲೆ ಬಂದಿರೋದೇ ಅದು ಅವರ ಕೈಯದ್ದು ಅಂತ. ಅದರ ಪಕ್ಕ ನಮ್ಮದನ್ನ ಇಟ್ಟು ಅದೇ ಹೆಸರು ಹೇಳಿದ್ರೆ ಅದು ಕಳ್ಳತನ.

ಆ ಟೀಚರ್ ಕೌದಿ ಕರೀ ಮಷೀನ್‌ನಲ್ಲೇ ಮುಗೀತು. ಹರಿದ ಇಳಕಲ್ ಸೀರೆಯ ಸೆರಗನ್ನ ಅವ್ವ ಕತ್ತರಿಸಿ ಮೇಲಿನ ಪದರದ ನಡುವೆ ಚೌಕವಾಗಿ ಕೂರಿಸಿದ್ಲು. ಅದೊಂದನ್ನ ಮಾತ್ರ ಅಜ್ಜಿ ಕೈಯಲ್ಲೇ ಹೊಲಿದ್ರು, ನಾಲ್ಕು ದಿನ ತಗೊಂಡು. ದುಡ್ಡು ತಗೊಳ್ಳಲಿಲ್ಲ.

ಬಿಳೀ ಮಷೀನ್ ಈಗ ಅಕ್ಕನ ಹತ್ತಿರ ಇದೆ, ಬ್ಲೌಸ್‌ಗೆ, ಸೀರೆ ಫಾಲ್ಸ್‌ಗೆ ಬಹಳ ಚೆನ್ನಾಗಿದೆ ಅಂತಾಳೆ. ಸಂಘದ ಸಾಲ ಇನ್ನು ಒಂಬತ್ತು ಕಂತು ಬಾಕಿ. ಹೊಸ ತಲೆನೋವು ಅಂದ್ರೆ ಪೆಡಲ್ ತುಳಿದು ತುಳಿದು ಅವ್ವನ ಮೊಣಕಾಲು ಹಿಡ್ಕೊಳ್ತಿದೆ. ಕರೀ ಮಷೀನಿಗೇ ಒಂದು ಸಣ್ಣ ಮೋಟರ್ ಕೂರಿಸೋಣ, ಬೆಲ್ಟ್ ಹಾಗೇ ಇರಲಿ, ಕರೆಂಟ್ ಹೋದಾಗ ತುಳಿದರಾಯ್ತು ಅಂತ ನಾನು ಹೇಳ್ತಿದ್ದೀನಿ. ಹೋದ ಭಾನುವಾರ ಫೋನ್‌ನಲ್ಲಿ ಮತ್ತೆ ಅದೇ ಮಾತು ತೆಗೆದೆ. "ಮೊದಲ ನೀ ಬಾ, ನಿನ್ ಕಾಟಾ ತಂದು ನನ್ ಮೊಣಕಾಲ್ ಎಷ್ಟ್ ಜಗ್ತೈತಿ ನೋಡು, ಆಮ್ಯಾಲ ತರಸೋಣು" ಅಂದ್ಲು. ಸೆಮ್ ಎಂಡ್ ಪರೀಕ್ಷೆ ಮುಗಿದ ಮೇಲೆ ಹೋಗ್ತಿದ್ದೀನಿ, ಈ ಸಲ ಶೀಟ್ ಮಾಡಿಲ್ಲ.